ಕೂಗಿ ಹಾಕಿದ ಓಟು

೨ ಆಗಸ್ಟ್ ೧೮೧೦, ಗುರುವಾರ

ಇವತ್ತೂ ಶುಂಠಿ ರೊಟ್ಟಿ ಸುಡುವುದೇ. ಹೊಗೆಗೆ ಕಣ್ಣು ಉರಿ. ಸೋಮವಾರದಿಂದ ಮೂರು ದಿನ ಕೋರ್ಟಿನ ಮುಂದೆ ಓಟು. ಕೆಂಟಕಿಯಲ್ಲಿ ಓಟು ಅಂದರೆ ವಿಸ್ಕಿ, ತಿಂಡಿ, ಹೊಡೆದಾಟ. ರೊಟ್ಟಿ ಮಾರಿದರೇ ಜೈಲಿನಲ್ಲಿ ಅಣ್ಣನಿಗೆ ಊಟ.

ಸೈಲಸ್‌ಗೆ ನೇಣು, ಮುಂದಿನ ವಾರ ಶುಕ್ರವಾರ. ಬೇಲಿ ಜಗಳ. ಡೂಲಿ ಮನೆಯ ಹುಡುಗ ಚಾಕು ತೆಗೆದ, ಅಣ್ಣ ಗೂಟ ಬೀಸಿದ. ಹುಡುಗ ಸತ್ತ. ನೇಣು ಹೇಳಿದವನು ಜಡ್ಜ್ ಪೆಲ್. ಹರಿದ ಬೂಟು ಹಾಕಿಕೊಂಡು ಊರಿಗೆ ಬಂದು ನಮ್ಮ ಅಟ್ಟದಲ್ಲಿ ಮಲಗುತ್ತಿದ್ದ ವಕೀಲ. ಅಂಗಿಗೆ ತೇಪೆ ಹಾಕಿದವಳು ಅಮ್ಮ, ಸಾಯುವ ಮುಂಚೆ. ಶಾಸನಸಭೆಗೆ ನಿಂತಾಗ ಅವನ ಹೆಸರು ಕೂಗಿ ಮೊದಲ ಓಟು ಹಾಕಿದವನು ಅಪ್ಪ. ಆಮೇಲೆ ಜಡ್ಜ್ ಆದ. ಈಗ ವಾಷಿಂಗ್ಟನ್ನಿನ ಕಾಂಗ್ರೆಸ್ಸಿಗೆ ನಿಂತಿದ್ದಾನೆ. ಹತ್ತಿದ ಏಣಿ ಒದೆಯುವ ಜಾತಿ.

ಸಂಜೆ

ಜಡ್ಜ್ ಬಂದಿದ್ದ. ಹಿತ್ತಿಲ ಬಾಗಿಲಿಂದ, ಕಳ್ಳನ ಹಾಗೆ. ಅಪ್ಪನಿಗೆ ಹೇಳಿದ,

"ಎನಕ್, ಓಟು ಮುಗೀಲಿ. ಬುಧವಾರವೇ ಕುದುರೆ ಹತ್ತಿ ಗವರ್ನರ್ ಹತ್ರ ಹೋಗ್ತೀನಿ, ಕ್ಷಮೆ ಕೊಡಿಸ್ತೀನಿ. ಆದ್ರೆ ಡೂಲಿಗಳ ಕಿವಿಗೆ ಬಿದ್ರೆ ಅವರ ಓಟೂ ಹೋಯ್ತು, ನಾನೂ ಹೋದೆ."

ಅಪ್ಪ ಅವನ ಕೈ ಹಿಡಿದು ಅತ್ತ. "ಆಗ್ಲಿ ಜಡ್ಜ್ ಸಾಹೇಬ್ರೆ." ಮೊದಲೆಲ್ಲ ಅವನನ್ನು ಆಂಬ್ರೋಸ್ ಅಂತ ಹೆಸರು ಹಿಡಿದೇ ಕರೆಯುತ್ತಿದ್ದ.

"ಬೂಟು ಹೊಸದಾ?" ಎಂದೆ.

"ಟ್ಯಾಬಿ, ಬಾಯ್ಮುಚ್ಚೇ," ಎಂದ ಅಪ್ಪ.

ಮುಚ್ಚಿದೆ. ಬೇರೆ ದಾರಿ ಏನಿದೆ...

೬, ಸೋಮವಾರ

ಶೆರಿಫ್ ಹೆಸರು ಕೂಗುತ್ತಾನೆ. ಗಂಡಸು ಮೆಟ್ಟಿಲು ಹತ್ತಿ ಯಾರಿಗೆ ಓಟು ಅಂತ ಎಲ್ಲರೆದುರು ಕೂಗುತ್ತಾನೆ. ಜಡ್ಜ್ ಎದ್ದು ಬಾಗಿ, "ನಿಮ್ಮ ಉಪಕಾರ ಸಾಯೋತನಕ ಮರೆಯಲ್ಲ" ಅನ್ನುತ್ತಾನೆ. ನಿಲ್ಲಲಾರದ ಕುಡುಕನಿಗೂ ಅದೇ ಮಾತು. ನನ್ನ ತಟ್ಟೆಯ ರೊಟ್ಟಿ ಪೂರ್ತಿ ಕೊಂಡು ಜನಕ್ಕೆ ಹಂಚಿದ. ಮುಖ ನೋಡಲಿಲ್ಲ.

ಡೂಲಿಗಳು ಇನ್ನೂ ಓಟು ಹಾಕಿಲ್ಲ. ಮರದ ಕೆಳಗೆ ಕೂತು ನೋಡುತ್ತಿದ್ದಾರೆ. ಮುದುಕ ಡೂಲಿ ರೊಟ್ಟಿ ಮುರಿಯುತ್ತ ಕೇಳಿದ, "ನಿಮ್ಮಣ್ಣನ ಮಣ್ಣಿಗೂ ಇದೇ ರೊಟ್ಟೀನಾ?"

"ನಿಮ್ಮ ಮಣ್ಣಿಗಾದ್ರೆ ಬಿಟ್ಟಿ ಕೊಡ್ತೀನಿ. ಬೇಗ ಹೋಗಿ."

೮, ಬುಧವಾರ

ಮುಗಿಯಿತು.

ಕೊನೇ ದಿನ. ಓಟಿನ ಲೆಕ್ಕದಲ್ಲಿ ಜಡ್ಜ್ ಸ್ವಲ್ಪ ಹಿಂದೆ. ಶೆರಿಫ್ ಅಪ್ಪನ ಹೆಸರು ಕೂಗಿದ, "ಎನಕ್ ರಸ್ಕ್." ಟೋಪಿ ತೆಗೆದು ಹತ್ತಿದ. "ಆಂಬ್ರೋಸ್ ಪೆಲ್," ಎಂದು ಕೂಗಿದ. ಜನ ನಕ್ಕರು — "ಮಗನಿಗೆ ಹಗ್ಗ ಕೊಟ್ಟವನಿಗಾ ಓಟು, ರಸ್ಕ್?"

ಜಡ್ಜ್ ಎದ್ದು ಬಾಗಿದ. ಎಲ್ಲರಿಗೂ ಹೇಳಿದ್ದನ್ನೇ ಹೇಳಿದ. "ನಿಮ್ಮ ಉಪಕಾರ ಸಾಯೋತನಕ ಮರೆಯಲ್ಲ."

ಅಪ್ಪನಿಗೆ ಅದು ತನಗೊಬ್ಬನಿಗೇ ಹೇಳಿದಂತೆ ಕಂಡಿತು.

"ಹಂಗಾದ್ರೆ ಇವತ್ತೇ ಹೊರಡ್ತೀರಲ್ಲ ಸಾಹೇಬ್ರೆ? ಗವರ್ನರ್ ಹತ್ರ?"

ಮುದುಕ ಡೂಲಿ ಎದ್ದ. "ಎಲ್ಲಿಗೆ ಹೊರಟ್ರಿ ಜಡ್ಜೇ?"

ಜಡ್ಜ್ ಅಪ್ಪನನ್ನು ಗುರುತೇ ಇಲ್ಲದವನ ಹಾಗೆ ನೋಡಿದ. "ಎಲ್ಲಿಗೂ ಇಲ್ಲ. ನಾನು ಯಾರಿಗೂ ಮಾತು ಕೊಟ್ಟಿಲ್ಲ. ಪಾಪ, ಹೆತ್ತ ಕರುಳು, ಏನೋ ಅಂತಿದೆ. ಶುಕ್ರವಾರ ಕಾನೂನು ತನ್ನ ಕೆಲಸ ಮಾಡುತ್ತೆ."

ಚಪ್ಪಾಳೆ. ಡೂಲಿಗಳು ಸಾಲಾಗಿ ಬಂದರು. ಒಬ್ಬೊಬ್ಬನೂ "ಪೆಲ್" ಎಂದು ಕೂಗಿದ. ಜಡ್ಜ್ ಗೆದ್ದ.

ಅಪ್ಪ ಮೆಟ್ಟಿಲ ಮೇಲೇ ನಿಂತಿದ್ದ. ಕೈ ಹಿಡಿದು ಇಳಿಸಿದೆ.

೧೦, ಶುಕ್ರವಾರ. ಜೈಲಿನ ಮುಂದೆ, ಗಾಡಿಯಲ್ಲಿ

ನಿನ್ನೆ ಜಡ್ಜ್ ಮನೆಗೆ ಹೋದೆ. ಗೆದ್ದ ಸಂಭ್ರಮಕ್ಕೆ ಹಂದಿ ಸುಡುತ್ತಿದ್ದರು. ಕಾಲಿಗೆ ಬಿದ್ದೆ. ಅಣ್ಣನಿಗಾಗಿ. ಆ ಬೂಟಿಗೆ.

"ನಿಮ್ಮಪ್ಪ ಬಾಯಿ ಬಿಟ್ಟ ಟ್ಯಾಬಿ. ಈಗ ನನ್ನ ಕೈಲಿ ಏನಿದೆ?"

"ಕೈಯಿದೆ. ಕುದುರೆ ಇದೆ," ಎಂದೆ. ಬಾಗಿಲು ಹಾಕಿಕೊಂಡ.

ಅಪ್ಪ ಬುಧವಾರದಿಂದ ಮಾತಾಡಿಲ್ಲ. ನೀರು ಬೇಕಾ ಅಂದರೂ ಇಲ್ಲ. ನನ್ನ ಬಾಯಿ ಕಿತ್ತು ಅವನಿಗೆ ಕೊಡುವ ಹಾಗಿದ್ದರೆ...

ಡೂಲಿಗಳು ಬಂದು ನೇಣುಗಂಬದ ಮುಂದೆ ಜಾಗ ಹಿಡಿದಿದ್ದಾರೆ. ಜಡ್ಜ್ ಇಲ್ಲ.

ಬಾಗಿಲು ತೆರೆಯಿತು. ಶೆರಿಫ್. ಓಟಿಗೆ ಕೂಗಿದ ಅದೇ ದನಿ. "ಸೈಲಸ್ ರಸ್ಕ್."

ಅಪ್ಪ ಗಾಡಿಯಲ್ಲಿ ಎದ್ದು ನಿಂತ. ಟೋಪಿ ತೆಗೆದ. ಬಾಯಿ ತೆರೆದ.

ಕೂಗು ಅಪ್ಪ. ಜಡ್ಜ್ ಕೊಟ್ಟ ಮಾತನ್ನ ಎಲ್ಲರೆದುರು ಕೂಗು. ಈಗಲಾದರೂ —