ಗಾಡಿಮನೆಯ ಹೊಸ್ತಿಲು

ಸಾತನೂರು,
೨೭ ಡಿಸೆಂಬರ್ ೨೦೨೫, ಬೆಳಿಗ್ಗೆ

ಉಯ್ಯಂಬಳ್ಳಿಯಲ್ಲಿ ತಮ್ಮನ ಮನೆ ಜಗುಲಿಯ ಮೇಲೆ ಬಿಸಿಲು ಕಾಯಿಸುತ್ತ ಕೂತಿರುವ ಕೆಂಚಮ್ಮನಿಗೆ, ಇಲ್ಲಿ ತಾನೇ ಹಿಟ್ಟು ತಿರುವಿ ಕೈ ಸುಟ್ಟುಕೊಳ್ಳುತ್ತಿರುವ ನಿನ್ನ ಗಂಡ ದಾಸಪ್ಪನ ಆಶೀರ್ವಾದಗಳು.

ಮಂಡಿನೋವು ಹೇಗಿದೆ? ಈ ಸಲದ ಚಳಿ ಯಾರನ್ನೂ ಬಿಡುತ್ತಿಲ್ಲ. ಹರಳೆಣ್ಣೆ ಬಿಸಿ ಮಾಡಿ ಹಚ್ಚಿಕೊ, ನಿನ್ನ ನಾದಿನಿ ಕೊಡುವ ಟ್ಯೂಬಿನ ಮುಲಾಮು ನಂಬಬೇಡ. ನಾನು ಚೆನ್ನಾಗಿದ್ದೇನೆ. ಅಂದರೆ ಕೆಮ್ಮು ಇದೆ, ನಿದ್ದೆ ಇಲ್ಲ, ತಲೆ ಕೆಟ್ಟು ಕೆರ ಹಿಡಿದಿದೆ, ಉಳಿದಂತೆ ಚೆನ್ನಾಗಿದ್ದೇನೆ. ಈ ಕಾಲದಲ್ಲಿ ಕಾಗದ ಬರೆಯುವವರು ಯಾರು ಅಂತ ನಗಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ನಿನ್ನ ತಮ್ಮ ಮುನಿಕೃಷ್ಣ ಎತ್ತಿ, 'ಅಕ್ಕ ಹೊಲದ್ ತಾವ ಹೋಗವ್ಳೆ ಭಾವ' ಅನ್ನುತ್ತಾನೆ. ಅವನ ಹಿಂದೆಯೇ ನೀನು ಕೆಮ್ಮುವುದು ನನಗೆ ಕೇಳಿಸುತ್ತದೆ. ಹೆಂಡತಿಯ ಕೆಮ್ಮು ಗೊತ್ತಾಗದಷ್ಟು ಕಿವುಡನಾಗಿಲ್ಲ ನಾನು. ಅದಕ್ಕೆ ಈ ಕಾಗದವನ್ನು ಸಂಜೆ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೇನೆ. ಪೂರ್ತಿ ಓದು, ಅರ್ಧಕ್ಕೆ ಮಡಿಚಿ ಒಲೆಗೆ ಹಾಕಬೇಡ.

ದೀಪಾವಳಿ ಆದ ಮೇಲೆ ಚೀಲ ಹಿಡಿದು ಹೊರಟಾಗ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. 'ನನ್ ಮಗ್ಳು ದಾಟ್ದೆ ಇರೋ ಹೊಸ್ಲ ನಾನೂ ದಾಟಾಕಿಲ್ಲ. ಅವ್ಳು ಒಳಿಕ್ ಬಂದ್ ದಿನ ಹೇಳ್ಕಳ್ಸು, ಬತ್ತೀನಿ.' ಅಷ್ಟು ಹೇಳಿ ತಿರುಗಿಯೂ ನೋಡದೆ ಬಸ್ಸು ಹತ್ತಿದೆ. ಸರಿ, ನಾನು ಆ ಮಾತು ಆಡಿದ್ದು ನಿಜ. ಪ್ರತಿಮಾ ಹೇಳದೆ ಕೇಳದೆ ಹಾರೋಬೆಲೆಯ ಕ್ರೈಸ್ತರ ಹುಡುಗ ಜಯಕುಮಾರನನ್ನು ರಿಜಿಸ್ಟರ್ ಮದುವೆಯಾಗಿ ಬಾಗಿಲಿಗೆ ಬಂದಾಗ, ಬೀದಿಯವರೆಲ್ಲ ನಿಂತಿದ್ದರು, ನಾನು ಎಲ್ಲರೆದುರಿಗೇ ಅಂದೆ: 'ನೀವಿಬ್ರೂ ನನ್ ಹೊಸ್ಲು ತುಳಿಬಾರ್ದು, ನಿಮ್ಮನೆ ನೀರ ನಾನ್ ಮುಟ್ಟಾಕಿಲ್ಲ.' ಸಿಟ್ಟಲ್ಲಿ ಬಂದ ಮಾತು, ಬಿಟ್ಟಾಕು ಅಂತ ನೀನು ಸಾವಿರ ಸಲ ಹೇಳಿದೆ. ಹೇಗೆ ಬಿಡಲಿ ಕೆಂಚಿ? ಈ ಸುತ್ತಿನ ಬದು ಜಗಳ, ಬೋರ್‌ವೆಲ್ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳ ಎಲ್ಲಕ್ಕೂ ನನ್ನನ್ನೇ ಕರೆದುಕೊಂಡು ಹೋಗಿ ಕೂರಿಸುತ್ತಾರೆ. ಆಡಿದ ಮಾತಿಗೆ ನಿಲ್ಲಿ ಅಂತ ಊರಿಗೆಲ್ಲ ಹೇಳುವವನು ನಾನೇ ಮಾತು ತಪ್ಪಿದರೆ ನಾಳೆ ನನ್ನ ಮುಂದೆ ಯಾವನು ಬಾಯಿ ಮುಚ್ಚಿಕೊಂಡು ಕೂರುತ್ತಾನೆ?

ಈಗ ವಿಷಯಕ್ಕೆ ಬರುತ್ತೇನೆ. ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ ಹಿಪ್ಪುನೇರಳೆ ತೋಟದ ಪಕ್ಕದ ಗಾಡಿದಾರಿಯಲ್ಲಿ ಒಂದು ಬೆಳ್ಳನೆಯ ವಾಹನ ತೂಗಾಡಿಕೊಂಡು ಬಂತು. ಮಿನಿ ಬಸ್ಸಿನಷ್ಟು ದೊಡ್ಡದು, ಕಿಟಕಿಗೆ ಪರದೆ. ನಮ್ಮೂರಿನವರ ಬುದ್ಧಿ ನಿನಗೆ ಗೊತ್ತಲ್ಲ, ಅರ್ಧ ಊರು ಓಡಿಬಂದು 'ಏನ್ ದಾಸಪ್ಪಣ್ಣ, ಯಾವ್ ಪಿಚ್ಚರ್ರು? ಹೀರೋ ಒಳಗೇ ಅವ್ನಾ?' ಅಂತ ಶುರು ಮಾಡಿತು. ಶೂಟಿಂಗಿನವರು ರಾಮನಗರದ ಬಂಡೆ ಸಾಕಾಗಿ ನಮ್ಮ ಕಣಕ್ಕೆ ಬಂದರೇನೋ ಅಂತ ನಾನೂ ಪಂಚೆ ಸರಿಮಾಡಿಕೊಂಡೆ. ಹೊಂಗೆ ಮರದ ಕೆಳಗೆ ನಿಂತ ಗಾಡಿಯಿಂದ ಇಳಿದವಳು ಪ್ರತಿಮಾ. ನೋಡಿದ ಕೂಡಲೇ ಎರಡು ಹೆಜ್ಜೆ ಮುಂದಕ್ಕೆ ಹೋಗಿಬಿಟ್ಟೆ ಕಣೇ, ಸಿಟ್ಟು ಆಮೇಲೆ ನೆನಪಾಯಿತು. ಏನು ಬಂದದ್ದು ಅಂದೆ. ಅವಳು ನನ್ನ ಹಾಗೆಯೇ ಸೊಂಟದ ಮೇಲೆ ಕೈಯಿಟ್ಟು ನಿಂತಳು. 'ಹೊಸ್ಲು ತುಳಿಬ್ಯಾಡ ಅಂದಿದ್ದೆ ಕಣಪ್ಪ, ಕಣ ತುಳಿಬ್ಯಾಡ ಅಂದಿರ್ನಿಲ್ಲ. ನಮ್ಮನೆ ನಾವೇ ತಂದಿದ್ದೀವಿ. ಹಬ್ಬಕ್ಕೆ ನಾಕ್ ದಿನ ಇದ್ದು ಹೋಯ್ತೀವಿ.' ನಾನು ಅವತ್ತು ಅಂದ ಮಾತನ್ನು ಮನಸ್ಸಿನಲ್ಲೇ ತಿರುವಿ ಹಾಕಿದೆ, ಅವಳು ಹೇಳಿದ್ದು ಸರಿಯಾಗಿತ್ತು.

ಬಿಡದಿಯಲ್ಲಿ ಇಂಥ ಗಾಡಿಗಳನ್ನು ಪ್ರವಾಸಕ್ಕೆ ಬಾಡಿಗೆ ಬಿಡುವವರ ಹತ್ತಿರ ಜಯಕುಮಾರನಿಗೆ ಕೆಲಸವಂತೆ. ಈ ಗಾಡಿಗೆ ಹಬ್ಬದಲ್ಲಿ ಗಿರಾಕಿ ಸಿಗಲಿಲ್ಲ, ಮಾಲೀಕ ಇವನಿಗೇ ಕೊಟ್ಟನಂತೆ. ಇದಕ್ಕೆ ಕ್ಯಾರವಾನ್ ಅನ್ನುತ್ತಾರೆ. ಒಳಗೆ ಮಂಚ, ಒಲೆ, ಪಾತ್ರೆ ತೊಳೆಯುವ ತೊಟ್ಟಿ ಎಲ್ಲ ಇದೆ. ಒಲೆಯಿಂದ ನಾಲ್ಕು ಮಾರು ಕೂಡ ಇಲ್ಲ, ಅಲ್ಲೇ ಕಕ್ಕಸು! ನೀನು ನೋಡಿದರೆ ಮೂರು ದಿನ ಊಟ ಬಿಡುತ್ತೀಯ. ನಾನು ಒಳಗೆ ಹೋಗಿರಲಿಲ್ಲ, ಕಿಟಕಿಯಲ್ಲಿ ನೋಡಿದ್ದು. ನನ್ನ ತಲೆ ಕೆಟ್ಟದ್ದು ಬೇರೆ ವಿಷಯಕ್ಕೆ. ಮಾರನೆಯ ದಿನ ಬೆಳಗ್ಗೆ ಎದ್ದು ನೋಡುತ್ತೇನೆ, ಆ ಗಾಡಿಯ ಕಬ್ಬಿಣದ ಮೆಟ್ಟಿಲಿಗೆ ಅರಿಶಿನ ಹಚ್ಚಿ ಕುಂಕುಮ ಇಟ್ಟಿದ್ದಾಳೆ, ಮುಂದೆ ಸಗಣಿ ಸಾರಿಸಿ ರಂಗೋಲಿ ಬಿಟ್ಟಿದ್ದಾಳೆ, ನೀನು ಬಿಡುತ್ತಿದ್ದೆಯಲ್ಲ ಅದೇ ಎಂಟೆಳೆಯ ರಂಗೋಲಿ. ಮೇಲೆ ನೋಡಿದರೆ ಹೊಂಗೆ ಕೊಂಬೆಗೆ ಕಾಗದದ ನಕ್ಷತ್ರ ಕಟ್ಟಿ ಒಳಗೆ ದೀಪ ಹಾಕಿದ್ದಾರೆ. ಮರದ ಬುಡದಲ್ಲಿ ಜಯಕುಮಾರ ರಾಗಿಹುಲ್ಲು ಹರಡಿ, ಹಸು, ಕುರಿ, ಕೂಸಿನ ಗೊಂಬೆ ಇಟ್ಟು, ಅವರ ದೇವರು ಹುಟ್ಟಿದ ಕೊಟ್ಟಿಗೆ ಮಾಡಿದ್ದ. ಗೋದಲಿ ಅನ್ನುತ್ತಾರಂತೆ. ಅದಕ್ಕೆ ಸೂರು ಏನು ಗೊತ್ತಾ? ನಮ್ಮ ರೇಷ್ಮೆ ಹುಳುಮನೆಯ ಹಿಂದೆ ಒರಗಿಸಿದ್ದ ಬಿದಿರಿನ ಚಂದ್ರಿಕೆ! ಯಾರನ್ನ ಕೇಳಿ ತಗೊಂಡೆ ಅಂತ ರೇಗಿದೆ. 'ಗೂಡ್ ಕಟ್ಟೋ ಜಾಗ ಅಲ್ವಾ ಮಾವ, ಕೂಸ್ಗೂ ಬೆಚ್ಚಗಿರ್ತದೆ ಅಂದ್ಕಂಡೆ' ಅಂದ. ಹಾಗೆ ಮಾತಾಡುವವನ ಮೇಲೆ ರೇಗುವುದು ಹೇಗೆ? ಅವತ್ತು ರಾತ್ರಿ ಪೂಜೆಗೆ ಹಾರೋಬೆಲೆಗೆ ಹೋಗಿ ಬರುತ್ತೇವೆ ಅಂತ ಹೋದರು. ಅವರಲ್ಲೂ ಪೂಜೆ ಅನ್ನುತ್ತಾರಂತೆ, ನನಗೆ ಗೊತ್ತೇ ಇರಲಿಲ್ಲ.

ಹುಳದ ಸಮಾಚಾರ ಕೇಳು. ನಾಲ್ಕನೇ ಜ್ವರ ಎದ್ದು, ಪೊರೆ ಕಳಚಿ ಚೆನ್ನಾಗಿ ಸೊಪ್ಪು ತಿನ್ನುತ್ತಿದ್ದವು. ಈ ಚಳಿಗೆ ಇನ್ನೂ ಒಂದೆರಡು ದಿನ ತಡವಾಗುತ್ತದೆ ಅಂದುಕೊಂಡಿದ್ದೆ. ಕ್ರಿಸ್‌ಮಸ್ ದಿನ ಬೆಳಿಗ್ಗೆ ಹುಳುಮನೆ ಬಾಗಿಲು ತೆಗೆದರೆ ಹಣ್ಣಾಗಿ ಕೂತಿವೆ! ಸೊಪ್ಪು ಮೂಸುತ್ತಿಲ್ಲ, ಮೈ ಹಳದಿಗೆ ತಿರುಗಿ, ತಲೆ ಎತ್ತಿ ಆಡಿಸುತ್ತಿವೆ. ತಕ್ಷಣ ಆರಿಸಿ ಚಂದ್ರಿಕೆಗೆ ಬಿಡದಿದ್ದರೆ ತಟ್ಟೆಯಲ್ಲೇ ನೂಲು ಬಿಟ್ಟು ಇಡೀ ಬೆಳೆ ಹಾಳು. ಕೂಲಿಯವರೆಲ್ಲ ರಾಗಿ ಕೊಯ್ಲಿಗೆ ಹೋಗಿದ್ದರು, ನೀನು ಉಯ್ಯಂಬಳ್ಳಿಯಲ್ಲಿ. ನಾನೊಬ್ಬ ಏನು ಮಾಡಲಿ? ಬಾಗಿಲಲ್ಲಿ ನಿಂತು 'ಪ್ರತೀ' ಅಂತ ಕೂಗಿಬಿಟ್ಟೆ. ಅವಳನ್ನು ಹಾಗೆ ಕರೆದು ಎಷ್ಟು ಕಾಲವಾಗಿತ್ತೋ. ಹಬ್ಬದ ಹೊಸ ಸೀರೆ ಎತ್ತಿಕಟ್ಟಿಕೊಂಡು ಓಡಿಬಂದಳು, ಹಿಂದೆಯೇ ಅವನೂ ಬಂದ. ಘಮಘಮ ಸೆಂಟು ಹಾಕಿದ್ದ. ಸೆಂಟಿನ ವಾಸನೆಗೆ ಹುಳ ತಡೆಯುತ್ತದಾ? 'ಮೊದ್ಲು ಹೋಗಿ ಮೈ ತೊಳ್ಕಂಡ್ ಬಾರ್ಲಾ' ಅಂದೆ. ಸೀದಾ ಹೋಗಿ ತೊಟ್ಟಿಯ ತಣ್ಣೀರು ಸುರಿದುಕೊಂಡು, ನನ್ನ ಹಳೇ ಪಂಚೆ ಉಟ್ಟುಕೊಂಡು, ಗಡಗಡ ನಡುಗುತ್ತ ಬಂದು ಕೂತ. ಹುಳ ಎತ್ತುವ ಕೈ ನೋಡಬೇಕಿತ್ತು ನೀನು, ಒಂದನ್ನೂ ಅದುಮಲಿಲ್ಲ. ನಿನ್ನ ತಮ್ಮನನ್ನೇ ನಾನು ಹುಳುಮನೆಯೊಳಕ್ಕೆ ಬಿಟ್ಟವನಲ್ಲ, ಇವನನ್ನು ಬಿಟ್ಟದ್ದು ನನಗೆ ಹೊಳೆದದ್ದು ಕೆಲಸ ಮುಗಿಯುವ ಹೊತ್ತಿಗೆ.

ಕೊನೆಗೆ ಒಂದು ಚಂದ್ರಿಕೆ ಸಾಲದೆ ಬಂತು. ನಾನು ಬಾಯಿ ಬಿಡುವ ಮೊದಲೇ ಅವನು ಹೋಗಿ ಗೋದಲಿಯ ಸೂರನ್ನು ಕಿತ್ತು ತಂದ. ಹುಳ ಬಿಟ್ಟು ಹೊರಗೆ ಬಂದರೆ, ಅವರ ಗೊಂಬೆ ಕೂಸು ಬಯಲಲ್ಲಿ ಹುಲ್ಲಿನ ಮೇಲೆ ಕೈಕಾಲು ಚಾಚಿ ಮಲಗಿದೆ. ಸಂಜೆ ಗಾಳಿ ಶುರುವಾದಾಗ ನನ್ನ ಹೆಗಲ ಟವಲ್ ತೆಗೆದು ಎರಡು ಕಡ್ಡಿ ನೆಟ್ಟು ಅದರ ಮೇಲೆ ಹೊದಿಸಿ ಬಂದೆ. ಯಾಕೆ ಹಾಗೆ ಮಾಡಿದೆ ಅಂತ ಕೇಳಬೇಡ, ಗೊತ್ತಿಲ್ಲ. ಅವರು ನೋಡಿದರು, ನೋಡದವರ ಹಾಗೆ ಇದ್ದರು.

ಇನ್ನೊಂದು ಹೇಳಿಬಿಡುತ್ತೇನೆ, ಬೇರೆಯವರಿಂದ ತಿಳಿಯುವುದಕ್ಕಿಂತ ನನ್ನಿಂದಲೇ ತಿಳಿ. ಅವತ್ತು ಮಧ್ಯಾಹ್ನ ನಾನು ಆ ಗಾಡಿಯೊಳಗೆ ಉಂಡೆ. ಹೊಟ್ಟೆ ಹಸಿದು ಕಣ್ಣು ಕತ್ತಲೆ ಬರುತ್ತಿತ್ತು, ಅವಳು ಮುದ್ದೆ, ಅವರೆಕಾಳು ಸಾರು ಮಾಡಿದ್ದಳು, ಸೊಗಡು ಕಣದ ತುಂಬ ಹಬ್ಬಿತ್ತು. ಆದರೆ ನೀನೇ ನ್ಯಾಯ ಹೇಳು. ಅವರೆಕಾಯಿ ನಮ್ಮ ಹೊಲದ್ದು. ರಾಗಿಹಿಟ್ಟು ನಮ್ಮ ಮನೆಯದು, ನಾನೇ ಕಿಟಕಿಯಲ್ಲಿ ಕೊಟ್ಟದ್ದು. ನೀರು ನಮ್ಮ ಬೋರ್‌ವೆಲ್ಲಿನದು, ಅವರ ಟ್ಯಾಂಕಿಗೆ ನಾನೇ ಪೈಪು ಹಿಡಿದೆ. ಗಾಡಿ ನಿಂತದ್ದು ನಮ್ಮ ಕಣದಲ್ಲಿ. ಒಲೆ ಮಾತ್ರ ಅವರದು, ಅದೂ ಮಾಲೀಕನದು. ಹಾಗಾದರೆ ನಾನು ಉಂಡದ್ದು ಯಾರ ಮನೆಯ ಊಟ? ಬೇರೆಯವರು ಈ ಜಗಳ ತಂದಿದ್ದರೆ ಎರಡು ಎಲೆಅಡಿಕೆ ಹಾಕಿಕೊಳ್ಳುವುದರೊಳಗೆ ತೀರ್ಮಾನ ಹೇಳುತ್ತಿದ್ದೆ. ನನ್ನದೇ ನನಗೆ ಬಗೆಹರಿಯುತ್ತಿಲ್ಲ. ಕೇಕು ಕೂಡ ಕೊಟ್ಟರು. ಅದು ಪೂರ್ತಿ ಅವರದ್ದೇ, ಅದರಲ್ಲಿ ಅನುಮಾನವಿಲ್ಲ. ಸ್ವಲ್ಪವೇ ತಿಂದೆ.

ಊರಿನವರಿಗೆ ಇನ್ನೂ ಇದು ಶೂಟಿಂಗೋ ನಮ್ಮ ಮನೆ ಜಗಳವೋ ತಿಳಿದಿಲ್ಲ. ನಿಜ ಹೇಳಬೇಕೆಂದರೆ ನೀವಿಬ್ಬರೂ ಮಾತಾಡಿಕೊಂಡೇ ಈ ಕಿತಾಪತಿ ಮಾಡಿದಿರೋ ಏನೋ ಅಂತ ನನಗೆ ಅನುಮಾನ. ಬಂದಾಗಿನಿಂದ ಅಮ್ಮ ಎಲ್ಲಿ ಅಂತ ಅವಳು ಒಂದು ಸಲ ಕೂಡ ಕೇಳಿಲ್ಲ. ಏನೇ ಇರಲಿ, ಒಂದು ವಿಷಯ ನನ್ನ ಕೈಲಿ ತಡೆಯಲಾಗುತ್ತಿಲ್ಲ. ಅವಳು ಮನೆಯ ಸುತ್ತ ತಿರುಗುತ್ತಾಳೆ, ಹಸುವಿಗೆ ಹುಲ್ಲು ಹಾಕುತ್ತಾಳೆ, ಜಗುಲಿ ಗುಡಿಸುತ್ತಾಳೆ, ಹೊಸ್ತಿಲ ಹತ್ತಿರ ಬಂದ ಕೂಡಲೇ ನಿಂತುಬಿಡುತ್ತಾಳೆ. ನಿನ್ನೆ ನನ್ನ ಕೆಮ್ಮು ಕೇಳಿ ಕಷಾಯ ತಂದಳು. ಕಾಲು ಹೊರಗೇ ಇಟ್ಟುಕೊಂಡು, ಬಾಗಿಲ ಚೌಕಟ್ಟು ಹಿಡಿದು, ಲೋಟದ ಕೈಯನ್ನು ಮಾತ್ರ ಒಳಗೆ ಚಾಚಿ ನಿಂತಿದ್ದಳು. ನಾನು ಎದ್ದು ಹೋಗಿ ಇಸಿದುಕೊಳ್ಳುವವರೆಗೆ ಹಾಗೇ ನಿಂತಿದ್ದಳು. ಬಾ ಒಳಗೆ ಅನ್ನಲು ಬಾಯಿ ತೆರೆದವನು 'ಶುಂಠಿ ಹಾಕಿದ್ಯಾ' ಅಂತ ಕೇಳಿದೆ. ಹಟದಲ್ಲಿ ನನ್ನನ್ನೂ ಮೀರಿಸಿದ್ದಾಳೆ ಹಾಳು ಹುಡುಗಿ. ಕಷಾಯ ಕುಡಿದು ಒಬ್ಬನೇ ಕೂತು ಅತ್ತುಬಿಟ್ಟೆ ಕೆಂಚಿ, ನಿನಗಲ್ಲದೆ ಯಾರಿಗೆ ಹೇಳಲಿ. ನಾಳೆ ಸಂಜೆ ಅವರು ಗಾಡಿ ವಾಪಸು ತೆಗೆದುಕೊಂಡು ಹೋಗಬೇಕು. ಹೋದರೆ ಮತ್ತೆ ಬರುತ್ತಾರೋ ಇಲ್ಲವೋ. ನನ್ನ ಮಾತೂ ಉಳಿಯಬೇಕು, ಮಗಳೂ ಒಳಗೆ ಬರಬೇಕು, ನೀನೂ ಬರಬೇಕು, ದಾರಿ ಕಾಣುತ್ತಿಲ್ಲ. ಕೊಟ್ಟಿಗೆ ಬಾಗಿಲು ಮುರಿದಿದೆ, ಸರಿಮಾಡಲು ಬಡಗಿ ರಸೂಲ್ ಈಗ ಬರುತ್ತಾನೆ. ಇಲ್ಲಿಗೆ ಸಾಕು ಮಾಡುತ್ತೇನೆ.

ಮುನಿಕೃಷ್ಣನಿಗೂ ಅವನ ಮನೆಯವರಿಗೂ ನನ್ನ ಆಶೀರ್ವಾದ ತಿಳಿಸು, ಸುಳ್ಳು ಹೇಳುವುದನ್ನು ಒಸಿ ಕಮ್ಮಿ ಮಾಡು ಅಂತಲೂ ಹೇಳು. ಚಳಿಗೆ ಕಿವಿ ಮುಚ್ಚಿಕೊ.

ನಿನ್ನ ದಾರಿ ನೋಡುತ್ತಿರುವ,
ದಾಸಪ್ಪ

ಸಂಜೆ ಸೇರಿಸಿದ್ದು: ಬಸ್ಸು ಬರುವ ಹೊತ್ತು, ಬೇಗ ಬರೆಯುತ್ತೇನೆ. ರಸೂಲ್ ಬಂದಿದ್ದ. ಕೊಟ್ಟಿಗೆ ಬಾಗಿಲು ಆಮೇಲೆ ನೋಡೋಣ, ಮೊದಲು ಈ ಹೊಸ್ತಿಲು ಕೊಯ್ದು ತೆಗಿ, ಗೆದ್ದಲು ಹಿಡಿದಿದೆ ಅಂದೆ. ಅವನು ಕೂತು ಬೆರಳಲ್ಲಿ ಬಡಿದು ನೋಡಿ, 'ಕಬ್ಬಿಣ ಇದ್ದಂಗೈತೆ ದಾಸಪ್ಪಣ್ಣ, ನಿಮ್ಮಪ್ಪಾರು ಹಾಕ್ಸಿದ್ ಹೊನ್ನೆ ಮರ' ಅಂದ. ಗೆದ್ದಲು ಅಂದರೆ ಗೆದ್ದಲು, ಕೊಯ್ಯಿ ಅಂದೆ. ಕೊಯ್ದ. ಹೊಸದು ಯಾವಾಗ ಅಂತ ಕೇಳಿದ. ಅರಿಶಿನ ಹಚ್ಚುವವಳು ಊರಲ್ಲಿಲ್ಲ, ಅವಳು ಬಂದ ಮೇಲೆ ನೋಡೋಣ ಅಂದೆ. ಪ್ರತಿಮಾ ಬಂದು ಬಾಗಿಲ ಮುಂದೆ ನಿಂತಳು. ಬಗ್ಗಿ ಮರದ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ನನ್ನ ಮುಖ ನೋಡಿದಳು. 'ಹೂಂ ಕಣಪ್ಪ, ಬೋ ಗೆದ್ಲು' ಅಂದಳು. ಅಂದು, ಕಣ್ಣೊರೆಸಿಕೊಂಡು, ಗಂಡನನ್ನೂ ಕರೆದುಕೊಂಡು ಸೀದಾ ಅಡಿಗೆಮನೆಗೆ ಹೋದಳು. ಈಗ ಒಳಗಿನಿಂದ ಕೂಗುತ್ತಿದ್ದಾಳೆ, ಕಾಫಿಪುಡಿ ಡಬ್ಬ ಎಲ್ಲಿ ಅಂತ. ನನಗೂ ಗೊತ್ತಿಲ್ಲ. ನಾಳೆ ಮೊದಲನೇ ಬಸ್ಸಿಗೇ ಬಂದು ನೀನೇ ಹುಡುಕಿಕೊಡು.