ಎರಡನೇ ಡಿಸ್ಕ್ ಬಾಕಿ

೧೭ ಆಗಸ್ಟ್ ೧೯೯೬, ಶನಿವಾರ

ಸಾರಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಕ್ಯಾಸೆಟ್ ಶುರುವಾಗಿತ್ತು. ಇವರು ರಿವೈಂಡ್ ಮಾಡಿ ಕೊಟ್ಟರು, ಪಾಪ. ಪ್ರಯೋಜನವಿಲ್ಲ. ಬಲಗಿವಿ ಹೋಗಿಯೇ ಹೋಯಿತು. ಎಡಗಿವಿಗೆ ಹಾಕಿಕೊಂಡ ಮಿಷನ್ನಿಗೆ ಎಲ್ಲವೂ ಒಂದೇ — ಫ್ಯಾನು, ಕುಕ್ಕರು, ಹೀರೋಯಿನ್.

ತಮಾಷೆಯ ಸೀನು. ಇವರು ನಕ್ಕರು, ರಚನಾ ನಕ್ಕಳು. ಅವರ ಮುಖ ನೋಡಿ ನಾನೂ ನಕ್ಕೆ. ಅಷ್ಟರಲ್ಲಿ ಸಿನೆಮಾದಲ್ಲಿ ಯಾರೋ ಸತ್ತಿದ್ದರು. ರಚನಾ ತಿರುಗಿ ನನ್ನನ್ನು ನೋಡಿದಳು. ಹದಿನಾರು ವರ್ಷದ ಮಗಳು, ಏನೂ ಹೇಳಲಿಲ್ಲ. ರೇಗಿದ್ದರೂ ಚೆನ್ನಾಗಿತ್ತು.

೧೨ ನವೆಂಬರ್ ೧೯೯೬

ದಾಮೋದರಣ್ಣ ಸೂರತ್‌ನಿಂದ ಬಂದ. ದೀಪಾವಳಿಗೆ ಅಲ್ಲಿಯ ಪಾಂಡೇಸರಾದ ಬಟ್ಟೆ ಮಿಲ್ಲುಗಳು ಮುಚ್ಚಿದರೆ ಅವನ ಹೋಟೆಲಿನಲ್ಲಿ ಇಡ್ಲಿ ತಿನ್ನುವವರಿಲ್ಲ. ಕೈಯಲ್ಲಿ ದೊಡ್ಡ ಡಬ್ಬ.

"ಇದೆಂತ ಮಾರಾಯ?" ಎಂದರು ಇವರು.

"ಲೇಸರ್ ಡಿಸ್ಕ್, ಭಾವ. ಹೋಟೆಲಿನ ಎಸಿ ರೂಮಿಗೆ ಅಂತ ಸಿಂಗಾಪುರದಿಂದ ತರಿಸಿದ್ದು. ಜನ ಕಾಫಿ ಕುಡಿದ ಮೇಲೂ ಏಳೋದೇ ಇಲ್ಲ. ಕ್ಲೈಮ್ಯಾಕ್ಸ್ ಆಗ್ಬೇಕಂತೆ! ನೀವೇ ಇಟ್ಕೊಳ್ಳಿ."

ಅಣ್ಣನ ಮಾತು ಇನ್ನೂ ಕೇಳಿಸುತ್ತದೆ. ಹೋಟೆಲಿನ ಗಂಟಲು.

ಡಿಸ್ಕ್ ಎಂದರೆ ದೋಸೆ ಕಾವಲಿಯಷ್ಟು ಅಗಲ, ಕನ್ನಡಿಯ ಹೊಳಪು. ಒಂದು ಗಂಟೆಗೊಮ್ಮೆ ಮಗುಚಿ ಹಾಕಬೇಕು. ಹಿಂದಿ ಸಿನೆಮಾವೇ, ಆದರೆ ಕೆಳಗೆ ಇಂಗ್ಲಿಷ್ ಅಕ್ಷರ! ಹೊರದೇಶದಲ್ಲಿರುವವರಿಗೆ ಮಾಡಿದ್ದಂತೆ. ಓದುತ್ತಾ ಕೂತೆ. ನಗು ಬಂದಾಗ ನಕ್ಕೆ. ಮಾತು ಮುಗಿಯುವ ಮೊದಲೇ ಅಕ್ಷರ ಬಂದುಬಿಡುತ್ತದೆ, ಹಾಗಾಗಿ ನಾನೇ ಮೊದಲು.

"ಅಮ್ಮಾ! ಸ್ಪಾಯ್ಲ್ ಮಾಡ್ಬೇಡ!" ರಚನಾ ದಿಂಬು ಎಸೆದಳು.

ಎಷ್ಟು ವರ್ಷವಾಯಿತು, ಈ ಮನೆಯಲ್ಲಿ ನನ್ನ ಮೇಲೆ ಯಾರಾದರೂ ದಿಂಬು ಎಸೆದು.

೯ ಮಾರ್ಚ್ ೧೯೯೭

ಅಲ್ಕಾಪುರಿಯ ರಜನಿಭಾಯಿಯ ಕ್ಯಾಸೆಟ್ ಅಂಗಡಿಯಲ್ಲಿ ಲೇಸರ್‌ಗೆ ಒಂದು ಕಪಾಟು. ಕಪಾಟಿನ ಮುಕ್ಕಾಲು ಪಾಲು ನೋಡಿ ಮುಗಿದಿದೆ, ಉಳಿದದ್ದರಲ್ಲಿ ಅಕ್ಷರವಿಲ್ಲ. ನೋಡಿದ್ದನ್ನೇ ಮತ್ತೆ ತರುತ್ತೇವೆ. ಇವರು ಪ್ರತಿಸಲ "ಇದು ನೋಡಿಲ್ಲ ಅಲ್ವಾ?" ಎನ್ನುತ್ತಾರೆ. ನಾನು "ಇಲ್ಲ" ಎನ್ನುತ್ತೇನೆ. ಇಬ್ಬರಿಗೂ ಗೊತ್ತು.

೨೫ ಜನವರಿ ೧೯೯೮

ಕಪಾಟು ಖಾಲಿ. ಅಂಗಡಿ ತುಂಬ ಸಣ್ಣ ಸಣ್ಣ ಡಿಸ್ಕ್, ಅಂಗೈ ಅಗಲ. ವಿಸಿಡಿ. ರಜನಿಭಾಯಿ ಬಾಯಿ ಆಡಿಸುತ್ತಲೇ ಇದ್ದ, ಖುಷಿಯಲ್ಲಿ. ಮನೆಗೆ ಬರುವಾಗ ರಿಕ್ಷಾದಲ್ಲಿ ಇವರು ಕಿವಿಯ ಹತ್ತಿರ ಬಗ್ಗಿ ಹೇಳಿದರು:

"ಲೇಸರ್ ಇನ್ನು ಯಾರೂ ಕೇಳೋದಿಲ್ಲವಂತೆ. ಡಿಸ್ಕೆಲ್ಲ ಗಡಿಯಾರ ಮಾಡೋರಿಗೆ ಕೊಟ್ಟುಬಿಟ್ಟ. ನಡುವೆ ತೂತು ಹೇಗೂ ಉಂಟಲ್ಲ."

"ಈ ಸಣ್ಣದರಲ್ಲಿ ಅಕ್ಷರ ಬರುತ್ತದಾ?"

ಇವರು ಹೊರಗೆ ನೋಡಿದರು. ಮಿಷನ್ನಿಗೆ ರಿಕ್ಷಾದ ಸದ್ದು ಮಾತ್ರ ಸಿಕ್ಕಿತು. ಉತ್ತರ ಕೊಟ್ಟರೋ ಇಲ್ಲವೋ ತಿಳಿಯಲಿಲ್ಲ.

೨೦ ಜೂನ್ ೧೯೯೮

ನಮ್ಮ ಹತ್ತಿರವೇ ಉಳಿದಿದ್ದ ಏಳೆಂಟು ಡಿಸ್ಕ್‌ಗಳನ್ನು ತಿರುಗಾ ಮುರುಗಾ ನೋಡುತ್ತಿದ್ದೆವು. ಈಗ ಪ್ಲೇಯರೇ ಕೆಟ್ಟಿತು. ಇವರು ರಜೆ ಹಾಕಿ, ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಅಹಮದಾಬಾದಿಗೆ ರೈಲಿನಲ್ಲಿ ಒಯ್ದರು. ರೈಲ್ವೆಯವರಿಗೆ ಪಾಸ್ ಇರುತ್ತದೆ, ಬೆನ್ನು ಇರಬೇಡವೇ? ರಿಲೀಫ್ ರೋಡಿನ ಅಂಗಡಿಯಂಗಡಿ ತಿರುಗಿದ್ದಾರೆ. ಒಳಗಿನ ಲೆನ್ಸ್ ಸಿಗುವುದಿಲ್ಲ. ಇನ್ನು ತಯಾರಿಸುವುದೂ ಇಲ್ಲ.

ಸಂಜೆ ಅದನ್ನೇ ಎತ್ತಿಕೊಂಡು ವಾಪಸು. ಬಾಗಿಲಲ್ಲಿ ನಿಂತು ತಲೆ ಅಲ್ಲಾಡಿಸಿದರು. ಡಾಕ್ಟರ ರೂಮಿನಿಂದ ಬಂದ ಹಾಗೆ.

೪ ಸೆಪ್ಟೆಂಬರ್ ೧೯೯೮

ಎಡಗಿವಿಯೂ ಹೋಯಿತು. ಒಂದೇ ವಾರದಲ್ಲಿ. ಕುಕ್ಕರು ಕೂಗಿದ್ದು ಹಬೆ ನೋಡಿ ಗೊತ್ತಾಯಿತು. ಇನ್ನು ಮಿಷನ್ ಬೇಡ ಎಂದರು ಡಾಕ್ಟರು. ಇವರು ಬರೆದು ತೋರಿಸಲು ಹೊರಟರು. ಬೇಡ ಎಂದೆ. ತುಟಿ ನೋಡಿದರೆ ಇವರದ್ದು ತಿಳಿಯುತ್ತದೆ. ಇಪ್ಪತ್ತು ವರ್ಷ ನೋಡಿದ ತುಟಿ.

ರಚನಾದು ಕಷ್ಟ. ಅವಳು ಬೆಳೆದದ್ದೇ ಇಲ್ಲಿ. ಹಿಂದಿ, ಗುಜರಾತಿ, ಇಂಗ್ಲಿಷ್ — ಆ ತುಟಿಗಳು ನನಗೆ ತಿಳಿಯುವುದಿಲ್ಲ. ಈಗ ಸೂರತ್‌ನಲ್ಲಿ ಇಂಜಿನಿಯರಿಂಗ್, ಹಾಸ್ಟೆಲ್. ಭಾನುವಾರ ಫೋನು. ಇವರು ಕೇಳಿ ನನಗೆ ಹೇಳುತ್ತಾರೆ. "ಊಟ ಸರಿ ಉಂಟಂತೆ." ಅಷ್ಟು ಹೊತ್ತು ಮಾತಾಡಿ ಇಷ್ಟೆಯೇ?

೨೧ ಅಕ್ಟೋಬರ್ ೧೯೯೮

ದೀಪಾವಳಿ. ರಚನಾ ಬಂದಿದ್ದಾಳೆ. ಬರುವಾಗ ವಿಸಿಡಿ ಪ್ಲೇಯರ್ ತಂದಳು, ಮಾವ ಕೊಡಿಸಿದ್ದು. ಅಪ್ಪ ಮಗಳು ಹಾಲಿನಲ್ಲಿ. ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಅಕ್ಷರವಿಲ್ಲ.

ಅಡುಗೆಮನೆಗೆ ಬಂದು ಚಕ್ಕುಲಿ ಒತ್ತುತ್ತಾ ಕೂತೆ. ಬೇಕಾದ್ದಕ್ಕಿಂತ ಹೆಚ್ಚೇ ಒತ್ತಿದೆ. ತಲೆ ಎತ್ತಿದರೆ ಇವರು ಬಾಗಿಲಲ್ಲಿ.

"ಬಾ ಕಮಲಾ."

"ನನಗೆಂತಕ್ಕೆ?"

"ಬಾ ಮಾರಾಯ್ತಿ. ಎಣ್ಣೆ ಆರಿಸು."

ಟೀವಿಯ ಪಕ್ಕ ಅಡುಗೆಮನೆಯ ಸ್ಟೂಲು ಹಾಕಿ, ನನ್ನ ಕಡೆ ಮುಖ ಮಾಡಿ ಕೂತರು. ಕೈಯಲ್ಲಿ ರಿಮೋಟು. ಸ್ವಲ್ಪ ಓಡಿಸುವುದು, ನಿಲ್ಲಿಸುವುದು, ಕನ್ನಡದಲ್ಲಿ ಹೇಳುವುದು. "ಅವಳಿಗೆ ಮದುವೆ ಇಷ್ಟ ಇಲ್ಲ. ಹೇಳೋದಕ್ಕೆ ಹೆದರ್ತಾಳೆ." ಮತ್ತೆ ಓಡಿಸುವುದು. ಹಳೆ ಕ್ಯಾಸೆಟ್ ಆಗಿದ್ದರೆ ಇಷ್ಟು ಸಲ ನಿಲ್ಲಿಸಿದ್ದಕ್ಕೆ ಟೇಪೇ ಹರಿದುಹೋಗುತ್ತಿತ್ತು. ಇದು ಗಪ್ಪನೆ ನಿಲ್ಲುತ್ತದೆ, ಎಷ್ಟು ಹೊತ್ತು ಬೇಕಾದರೂ.

ರಚನಾ ಅರ್ಧಕ್ಕೇ ಎದ್ದು ಗೆಳತಿಯ ಮನೆಗೆ ಹೋದಳು. ಅವಳ ತಪ್ಪಿಲ್ಲ. ಹೀಗೆ ನೋಡಿದರೆ ಒಂದು ಸಿನೆಮಾಕ್ಕೆ ಮೂರು ಸಂಜೆ.

೧೪ ಜನವರಿ ೧೯೯೯

ಉತ್ತರಾಯಣ. ಊರಿಗೆ ಊರೇ ಮಾಳಿಗೆ ಹತ್ತಿ ಗಾಳಿಪಟ ಹಾರಿಸುತ್ತಿದೆ. ನಾವಿಬ್ಬರೂ ಕಿಟಕಿ ಹಾಕಿಕೊಂಡು ಸಿನೆಮಾ.

ಇವರು ನಾಚಿಕೆ ಬಿಟ್ಟಿದ್ದಾರೆ. ಖಳನಾಯಕನಿಗೆ ಹುಬ್ಬು ಗಂಟು, ಅತ್ತೆಗೆ ಸೊಟ್ಟ ಬಾಯಿ. ಹಾಡು ಬಂದರೆ "ಹಾಡು. ಇಬ್ರೂ ಒದ್ದೆ ಆಗ್ತಾರೆ. ಬೇರೆ ಎಂತದೂ ಇಲ್ಲ" ಎಂದು ಓಡಿಸಿಬಿಡುತ್ತಾರೆ. ಸಿನೆಮಾದಲ್ಲಿ ಇಲ್ಲದ್ದನ್ನೂ ಸೇರಿಸುತ್ತಾರೆ ಎಂದು ನನಗೆ ಅನುಮಾನ. ಯಾವ ಸಿನೆಮಾದ ಡಾಕ್ಟರಾದರೂ "ಕಮಲಾಕ್ಷಿ ಮಾತ್ರೆ ತಗೊಂಡ್ಳಾ?" ಎಂದು ಕೇಳುತ್ತಾನೆಯೇ?

ಪರದೆಯನ್ನು ನೋಡುವುದು ಕಮ್ಮಿ ಮಾಡಿದ್ದೇನೆ. ಇವರ ಮುಖವನ್ನೇ ನೋಡುತ್ತೇನೆ.

೨ ಮೇ ೧೯೯೯

ದಾಮೋದರಣ್ಣ ಬಂದಿದ್ದ. ಊಟದ ಹೊತ್ತಿಗೆ ವಾದ. ಅರ್ಧ ತುಟಿ ನೋಡಿ ತಿಳಿಯಿತು, ಅರ್ಧ ಇವರು ಆಮೇಲೆ ಹೇಳಿದರು.

"ಭಾವ, ಡಿವಿಡಿ ತಗೊಳ್ಳಿ. ಬಟನ್ ಒತ್ತಿದ್ರೆ ಅಕ್ಷರ ಬರ್ತದೆ. ನಿಮ್ಮ ಈ ಕಸರತ್ತು ಬೇಡ."

"ಸ್ವಲ್ಪ ತಡಿ ಮಾರಾಯ. ಅಮೆರಿಕದಲ್ಲಿ ಅದಕ್ಕೆ ಎದುರಾಗಿ ಇನ್ನೊಂದು ಜಾತಿಯ ಡಿಸ್ಕ್ ಬಂದಿದೆಯಂತೆ. ಒಂದು ದೇಶದ್ದು ಇನ್ನೊಂದು ದೇಶದ ಮಿಷನ್ನಲ್ಲಿ ಓಡೋದೂ ಇಲ್ಲ. ಯಾವುದು ನಿಲ್ತದೆ ನೋಡುವ. ಲೇಸರ್‌ನ ಗತಿ ಕಂಡಿದ್ದೀಯಲ್ಲ?"

"ಯಾವುದೂ ನಿಲ್ಲೋದಿಲ್ಲ ಭಾವ! ನಾಳೆ ಡಿಸ್ಕೇ ಇರೋದಿಲ್ಲವಂತೆ. ಫೋನಿನ ತಂತೀಲಿ ಸಿನೆಮಾ ಬರ್ತದಂತೆ. ಹಾಗಂತ ಅಲ್ಲಿವರೆಗೆ ಕಾಯ್ತೀರಾ?"

ಅಣ್ಣ ಹೋದ ಮೇಲೆ ಕೇಳಿದೆ, ಕತ್ತು ನೋಯುವುದಿಲ್ಲವೇ, ತಗೊಂಡುಬಿಡಿ, ನೀವೂ ನೆಟ್ಟಗೆ ಕೂತು ನೋಡಬಹುದು. ಇವರು ಲೋಟ ತೊಳೆಯುತ್ತಿದ್ದರು. ಕೈ ಒರೆಸಿಕೊಂಡು ನನ್ನ ಕಡೆ ತಿರುಗಿ ನಿಧಾನ ಹೇಳಿದರು:

"ಆಮೇಲೆ ನನಗೆ ನಿನ್ನ ಹತ್ತಿರ ಎಂತ ಕೆಲಸ?"

ತಮಾಷೆಗೆ ಹೇಳಿದ್ದು. ಕಣ್ಣು ತಮಾಷೆ ಮಾಡುತ್ತಿರಲಿಲ್ಲ.

೨೯ ಜುಲೈ ೧೯೯೯

ಒಳ್ಳೆಯ ಸಿನೆಮಾ ಸಿಕ್ಕಿದೆ. ಲಾರಿ ಓಡಿಸುವ ಅಣ್ಣ, ಜಗಳವಾಡಿ ಮನೆ ಬಿಟ್ಟ ತಮ್ಮ. ಎರಡು ಡಿಸ್ಕ್. ಮೊದಲನೆಯದು ಇವತ್ತಿಗೆ ಮುಗಿಯಿತು. ತಮ್ಮ ಬಾಗಿಲಲ್ಲಿ ನಿಂತಿದ್ದಾನೆ. ಅಣ್ಣ ತಿರುಗಿ ನೋಡಿಲ್ಲ. ಅಲ್ಲಿಗೇ ನೀಲಿ ಪರದೆ.

"ಒಳಗೆ ಕರೀತಾನಾ?"

"ಯಾರಿಗ್ಗೊತ್ತು! ಎರಡನೇ ಡಿಸ್ಕ್ ನಾಳೆ. ಇವತ್ತು ಸುಸ್ತಾಯ್ತು."

ಬೆವರಿದ್ದರು. ಮಳೆ ಬರುವ ಮೊದಲಿನ ಧಗೆ. ಮಜ್ಜಿಗೆ ಕೊಟ್ಟೆ.

೨೧ ಆಗಸ್ಟ್ ೧೯೯೯

ಬರೆಯಬೇಕು. ಬರೆಯದಿದ್ದರೆ ಅದು ತಲೆಯಲ್ಲೇ ಓಡುತ್ತಿರುತ್ತದೆ.

ಜುಲೈ ಮೂವತ್ತನೇ ತಾರೀಕು, ಮಧ್ಯಾಹ್ನದ ಊಟದ ಹೊತ್ತು. ಇವರ ಆಫೀಸಿನವನೊಬ್ಬ ಬಾಗಿಲಲ್ಲಿ. ಮಾತಾಡುತ್ತಿದ್ದ. ಗುಜರಾತಿ. ಇವರು ಆಫೀಸಿನಲ್ಲಿದ್ದಾರೆ ಎಂದೆ. ಮತ್ತೆ ಹೇಳಿದ. ನಿಧಾನ ಹೇಳಿ, ನನಗೆ ಕಿವಿ ಕೇಳುವುದಿಲ್ಲ ಎಂದೆ. ಅವನು ಕೂಗಿ ಹೇಳಿದ. ಕತ್ತಿನ ನರ ಉಬ್ಬಿದ್ದು ಕಂಡಿತು, ಮಾತು ಕಾಣಲಿಲ್ಲ. ಬಿಸಿಲಲ್ಲಿ ಬಂದಿದ್ದಾನೆ ಎಂದು ನೀರು ತಂದುಕೊಟ್ಟೆ. ಅವನು ನೀರಿನ ಲೋಟ ಹಿಡಿದುಕೊಂಡು ಅಳತೊಡಗಿದ.

ಪಕ್ಕದ ಕ್ವಾರ್ಟರ್ಸಿನ ಪಾರ್ವತಿಬೆನ್ ಓಡಿಬಂದಳು. ಅವನು ಹೇಳಿದ್ದು ಅವಳಿಗೆ ಕೇಳಿಸಿತು. ಅವಳ ಮುಖ ನೋಡಿದೆ. ಮುಖಕ್ಕೆ ಭಾಷೆ ಬೇಡ.

ಇವರು ಆಫೀಸಿನ ಕುರ್ಚಿಯಲ್ಲೇ ಕೂತ ಹಾಗೇ ಹೋದರಂತೆ.

೯ ನವೆಂಬರ್ ೧೯೯೯

ಹಬ್ಬವಿಲ್ಲ. ಆದರೂ ಅಣ್ಣ ಬಂದ. ಡಿವಿಡಿ ಪ್ಲೇಯರ್ ತಂದ. ಅವನೇ ಜೋಡಿಸಿದ. ಬಟನ್ ಒತ್ತಿದ. ಅಕ್ಷರ ಬಂತು. ಚೊಕ್ಕ, ಬಿಳೀ ಅಕ್ಷರ, ಒಂದು ಮಾತೂ ತಪ್ಪದ ಹಾಗೆ. ಹಾಡಿಗೂ ಅಕ್ಷರ.

"ನೋಡು ಕಮಲಾ, ಇನ್ನು ನಿಂಗೆ ಯಾರ ಹಂಗೂ ಇಲ್ಲ."

ಒಳ್ಳೆಯದಕ್ಕೇ ಹೇಳಿದ. ಅವನಿಗೂ ಭಾವ ಎಂದರೆ ಪ್ರಾಣ. ನಾನು ಎದ್ದು ಒಳಗೆ ಬಂದೆ. ಅಣ್ಣ ಹಿಂದೆಯೇ ಬಂದ. ಆಮೇಲೆ ಪ್ಲೇಯರಿಗೆ ಟವೆಲ್ ಹೊದೆಸಿ ಹೋದ.

೨೬ ಡಿಸೆಂಬರ್ ೧೯೯೯

ರಚನಾಗೆ ರಜೆ. ಮನೆ ಸ್ವಚ್ಛ ಮಾಡುತ್ತೇನೆಂದು ಹೊರಟಳು. ವಿಸಿಡಿ ಪ್ಲೇಯರ್ ತೆರೆದಳು. ಮೊದಲ ಡಿಸ್ಕ್ ಅದರೊಳಗೇ ಇತ್ತು. ಡಬ್ಬ ಟೀವಿಯ ಹಿಂದೆ. ರಜನಿಭಾಯಿ ಕೇಳಿಲ್ಲ, ನಾವು ಕೊಟ್ಟಿಲ್ಲ. ಇದೇನು ಎಂದು ಕೈ ತಿರುಗಿಸಿದಳು. ಹೇಳಿದೆ. ಎಲ್ಲ ಹೇಳಿದೆ, ಸ್ಟೂಲು, ಹುಬ್ಬು ಗಂಟು, ತಮ್ಮ ಬಾಗಿಲಲ್ಲಿ ನಿಂತದ್ದು.

ಅವಳಿಗೆ ಅರ್ಧ ಗೊತ್ತೇ ಇರಲಿಲ್ಲ. ಅಪ್ಪ ಫೋನಿನಲ್ಲಿ ಹೇಳಿರಲಿಲ್ಲವಂತೆ.

ಹೋಗಿ ಸ್ಟೂಲು ತಂದಳು. ಎರಡನೇ ಡಿಸ್ಕ್ ಹಾಕಿದಳು. ಬೇಡ ಎಂದೆ. ಕೇಳದವಳ ಹಾಗೆ ಕೂತಳು. ಓಡಿಸಿದಳು, ನಿಲ್ಲಿಸಿದಳು. ತುಟಿ ಗಟ್ಟಿಯಾಗಿ, ಒಂದೊಂದೇ ಅಕ್ಷರ:

"ಅಣ್ಣ... ತಿರುಗಿದೆ. ತಮ್ಮನ್ನ ನೋಡ್ತಾ ಇದೆ."

ತಿರುಗಿದ, ನೋಡ್ತಾ ಇದ್ದಾನೆ ಎಂದೆ.

"ತಿರುಗಿದ. ನೋಡ್ತಾ ಇದ್ದಾನೆ." ಮೂಗು ಒರೆಸಿಕೊಂಡಳು. "ಅಣ್ಣ ಹೇಳ್ತಾನೆ — ಊಟ ಆಯ್ತಾ?"

ಅಷ್ಟೇ? ಇಷ್ಟು ವರ್ಷದ ಜಗಳಕ್ಕೆ?

"ಅಷ್ಟೇ ಅಮ್ಮಾ. ನಿಜ. ಊಟ ಆಯ್ತಾ, ಅಷ್ಟೇ."

ತಮ್ಮ ಏನು ಹೇಳಿದ ಎಂದು ಅವಳು ಹೇಳಹೊರಟಳು. ಆಗಲಿಲ್ಲ. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಕೈ ತೆಗೆ ಮಗಾ, ಮುಚ್ಚಿದರೆ ನನಗೆ ಹೇಗೆ ತಿಳಿಯಬೇಕು ಎಂದೆ. ತೆಗೆಯಲಿಲ್ಲ. ಪರದೆಯ ಮೇಲೆ ತಮ್ಮ ಅರ್ಧ ಬಾಯಿ ತೆರೆದು ನಿಂತೇ ಇದ್ದ. ಹೋಗಿ ಪಕ್ಕದಲ್ಲಿ ನಿಂತುಕೊಂಡೆ. ನನ್ನ ಹೊಟ್ಟೆಗೆ ಮುಖ ಒತ್ತಿಕೊಂಡಳು. ಅಳುವಿನ ಅದುರು ಸೀರೆಯ ಮೂಲಕ ಗೊತ್ತಾಗುತ್ತಿತ್ತು.

೨೭ ಡಿಸೆಂಬರ್ ೧೯೯೯, ಸಂಜೆ

ಇವತ್ತು ಮುಂದಿನದು ನೋಡೋಣ ಎಂದಿದ್ದಾಳೆ. ಬೆಳಿಗ್ಗೆಯಿಂದ ಇಂಗ್ಲಿಷಿನಲ್ಲಿ ಬರೆದು ತೋರಿಸಿ ನನ್ನ ಹತ್ತಿರ ಕನ್ನಡ ಪದ ಕೇಳುತ್ತಿದ್ದಾಳೆ. ಗಡಿಪಾರಿಗೆ ಏನು, ಹಟಕ್ಕೆ ಏನು, ಒಬ್ಬರನ್ನು ಕ್ಷಮಿಸುವುದಕ್ಕೆ ಏನು. ಡಿವಿಡಿಯನ್ನೂ ನೋಡುತ್ತೇನೆ, ಇಲ್ಲವೆಂದಲ್ಲ. ಅಣ್ಣನಿಗೆ ಬೇಸರ ಮಾಡಬಾರದು. ಸ್ವಲ್ಪ ದಿನ ಹೋಗಲಿ.

ರಚನಾ ಸ್ಟೂಲು ಹಾಕಿಕೊಂಡು ಕೂತಾಗಿದೆ. ನಿನ್ನೆ ಅಷ್ಟು ಹೊತ್ತಿಗೇ ಅವಳ ಕತ್ತು ಹಿಡಿದಿತ್ತಂತೆ, ಬೆನ್ನೂ. ಗೋಡೆಗೆ ಒರಗಿಕೊಳ್ಳಲು ಒಂದು ದಿಂಬು ಕೊಡಬೇಕು. ಇವರಿಗೆ ಅಷ್ಟು ತಿಂಗಳು ಒಂದು ದಿನವಾದರೂ ನಾನು ಒಂದು ದಿಂಬು...