ಇನ್ನೂ ಊರಾಗದ ಬಂಡಿ

ಗಂಗಾವತಿ
ಬುಧವಾರ

ಗಾಳೇಶ,

ಮೇಲೆ "ಪ್ರೀತಿಯ" ಎಂದು ಬರೆದು ಹೊಡೆದು ಹಾಕಿದ್ದೇನೆ. ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿದ ಮೇಲೆ ಬರೆಯೋಣ ಎಂದರೆ ನನ್ನ ಸ್ವಭಾವ ನಿನಗೆ ಗೊತ್ತಲ್ಲ, ಇವತ್ತು ಬೇಡ ನಾಳೆ ಎನ್ನುತ್ತ ವರ್ಷವೇ ಕಳೆದುಬಿಡುತ್ತದೆ. ಒಂಬತ್ತನೇ ಕ್ಲಾಸಿಗೆ ಸಾಲಿ ಬಿಟ್ಟವನ ಕಾಗದ ಇದು, ತಪ್ಪಿದ್ದರೆ ತಿದ್ದಿಕೊಂಡು ಓದು.

ಇಪ್ಪತ್ತೆರಡು ದಿನದಿಂದ ಪೆನ್‌ಡ್ರೈವ್ ನನ್ನ ಅಂಗಿಯ ಜೇಬಿನಲ್ಲೇ ಇದೆ. ಅಷ್ಟು ದಿನದಿಂದ ನಮ್ಮ ಕಂಪ್ಯೂಟರ್ ಆಟ ನಿಂತಿದೆ. ಮುಂಜಾನೆ ಹನುಮಸಾಗರದ ಬಸ್ಸು ಬಂದಾಗ ಕಂಡಕ್ಟರ್ ಹುಲಿಗೆಪ್ಪ ಕಿಟಕಿಯಿಂದ ಕೈ ಚಾಚುತ್ತಾನೆ, ನಾನು ಇಲ್ಲ ಎಂದು ತಲೆ ಅಲ್ಲಾಡಿಸುತ್ತೇನೆ. ಎಲ್ಲರ ಬುತ್ತಿಗಂಟು ಹೋಗುವ ಚೀಲದಲ್ಲೇ ನಾಲ್ಕು ವರ್ಷ ನಮ್ಮ ರಾಜ್ಯಗಳೂ ಹೋಗಿ ಬಂದಿವೆ. ಮುಂಜಾನೆ ನನ್ನ ಸರದಿ ಮುಗಿಸಿ ನಿನಗೆ, ಸಂಜೆ ನಿನ್ನ ಸರದಿ ಮುಗಿಸಿ ನನಗೆ. ಮೊನ್ನೆ ಅವನು ಕೇಳಿಯೇಬಿಟ್ಟ: "ಯಾಕ್ರಿ ಯಂಕೇಶಣ್ಣ, ಹನುಮಸಾಗರದವ್ರು ಉಪವಾಸ ಸಾಯ್ಬೇಕೇನು?"

ಕೊಪ್ಪಳದ ಕಂಪ್ಯೂಟರ್ ಕ್ಲಾಸಿನಲ್ಲಿ ಇಬ್ಬರಿಗೆ ಒಂದೇ ಮಷಿನ್ ಕೊಟ್ಟದ್ದರಿಂದಲ್ಲವೇ ನಾವು ಗೆಳೆಯರಾದದ್ದು? ಸರ್ ಹೊರಗೆ ಹೋದರೆ ಸಾಕು, ನೀನು ಆ ಆಟ ತೆಗೆಯುತ್ತಿದ್ದೆ. ಖಾಲಿ ಭೂಮಿ, ಒಂದು ಬಂಡಿ, ಒಬ್ಬ ಕಾವಲುಗಾರ. ಬಂಡಿ ನಿಲ್ಲಿಸಿದಲ್ಲಿ ಊರು, ಊರಿನಿಂದ ಇನ್ನೊಂದು ಬಂಡಿ, ಆ ಬಂಡಿಯಿಂದ ಇನ್ನೊಂದು ಊರು. ಮೂರು ತಿಂಗಳ ಕ್ಲಾಸನ್ನು ನಾನು ಅರ್ಧಕ್ಕೇ ಬಿಟ್ಟೆ. ಆಟ ಮಾತ್ರ ಬಿಡಲಿಲ್ಲ. ನೀನು ಹನುಮಸಾಗರದ ಪಂಚಾಯಿತಿಯ ಕಂಪ್ಯೂಟರಿಗೆ ಕುಳಿತೆ, ನಾನು ಇಲ್ಲಿ ಅಕ್ಕಿ ಮಿಲ್ಲಿನ ತೂಕದ ಕಂಪ್ಯೂಟರಿಗೆ.

ಅಂದಿನಿಂದ ನಿನ್ನದು ಒಂದೇ ಪಾಠ. "ಮೊದಲ್ನೇ ಊರು ನಿಂತ ಕೂಡ್ಲೆ ಬಂಡಿ ಕಟ್ಟಲೇ. ಗ್ವಾಡಿ ಆಮ್ಯಾಲ, ಗುಡಿ ಆಮ್ಯಾಲ. ನಲವತ್ತು ಸರದಿಯೊಳಗ ನಾಕು ಊರು ಆಗ್ಲಿಲ್ಲಂದ್ರ ಮುಂದ ತೆಲಿ ಕೆಳಗ ಮಾಡಿದ್ರೂ ನೀ ಸೋತಂಗ." ಲೆಕ್ಕ ನನಗೂ ತಿಳಿಯುತ್ತದೆ, ಗಾಳೇಶ. ನಾಲ್ಕು ಊರಿನವನ ಮುಂದೆ ಒಂದು ಊರಿನವನು ಏನು ಮಾಡಿಯಾನು? ಆದರೆ ಬಂಡಿ ಸಿದ್ಧವಾದ ಕೂಡಲೇ ಊರಿನ ಮಂದಿ ಒಂದು ಕಡಿಮೆಯಾಗುತ್ತದಲ್ಲ, ಮೂರು ಇದ್ದದ್ದು ಎರಡಾಗುತ್ತದಲ್ಲ, ಅಲ್ಲಿ ನನ್ನ ಎದೆ ಡವಡವ ಎನ್ನುತ್ತದೆ. ಬಂಡಿಯ ಜೊತೆ ಕಾವಲುಗಾರನನ್ನು ಕಳಿಸಿದರೆ ಊರು ಕಾಯುವವರು ಯಾರು? ಊರಲ್ಲಿಟ್ಟರೆ ದಾರಿಯಲ್ಲಿ ಕಾಡುಮಂದಿ ಬಂಡಿಯನ್ನು ಎಳೆದುಕೊಂಡು ಹೋದರೆ? ಅದಕ್ಕೆ ಇನ್ನೊಬ್ಬ ಕಾವಲುಗಾರ. ಆಮೇಲೆ ಗೋಡೆ. ಗೋಡೆ ಮುಗಿಯುವಷ್ಟರಲ್ಲಿ ನಿನ್ನವು ಮೂರು ಊರು.

ಈ ಸಲ ನಿನ್ನ ಮಾತು ಕೇಳಿ ಹನ್ನೆರಡನೇ ಸರದಿಗೇ ಬಂಡಿ ಹೊರಡಿಸಿದ್ದೆ. ಸೈ ಅಂದೆಯಾ? ಇಲ್ಲ. ಸಿಕ್ಕ ಮೊದಲ ಜಾಗದಲ್ಲಿ ಹೊಳೆ ಇತ್ತು, ಗುಡ್ಡವಿರಲಿಲ್ಲ. ಎರಡನೆಯದರಲ್ಲಿ ಗುಡ್ಡವಿತ್ತು, ಹೊಳೆ ದೂರ. ನಾನು ಬೇವೂರಿನವನು, ಒಂದು ಕೊಡ ನೀರಿಗೆ ಎರಡು ಮೈಲಿ ನಡೆದ ಮನೆಯವನು. ಹೊಳೆ ಬಿಟ್ಟು ಊರು ಕಟ್ಟು ಎಂದರೆ ಕೈ ಬರುತ್ತದೆಯೇ? ಹನ್ನೊಂದು ಸರದಿ ಬಂಡಿ ತಿರುಗಿತು. ಮಧ್ಯಾಹ್ನ ಬುತ್ತಿ ತರುವ ನಮ್ಮ ಕಸ್ತೂರೆಮ್ಮ ದಿನಾ ಇಣುಕಿ ನೋಡುವಳು. ಕೊನೆಗೆ, "ಏನ್ರಿ, ಆ ಬಂಡಿ ಇನ್ನೂ ಊರು ಮುಟ್ಟಿಲ್ಲೇನು? ಎತ್ತಾದ್ರೂ ಬದಲಿ ಮಾಡ್ರಿ ಪಾಪ" ಅಂದಳು. ಹೆಂಡತಿಯೂ ನಗುವಂತಾಯಿತು.

ಹನ್ನೆರಡನೇ ದಿನ ಕಂಡೆ, ಎರಡು ಹೊಳೆ ಕೂಡುವ ಜಾಗ, ಬೆನ್ನಿಗೆ ಗುಡ್ಡ. ಇನ್ನೊಂದೇ ಹೆಜ್ಜೆ. ಸಂಜೆ ನಿನ್ನ ಪೆನ್‌ಡ್ರೈವ್ ಹಾಕಿ ನೋಡಿದರೆ ಅಲ್ಲಿ ನಿನ್ನ ಐದನೇ ಊರು ನಿಂತಿತ್ತು. ಒಬ್ಬ ಕಾವಲುಗಾರನೂ ಇಲ್ಲದ ಊರು! ಹೆದರಿಕೆ ಎಂಬುದು ನಿನ್ನ ಮೈಯಲ್ಲಿ ಇಲ್ಲವೇ ಇಲ್ಲವೇನೋ? ಅದಾದರೂ ನುಂಗಿಕೊಳ್ಳುತ್ತಿದ್ದೆ. ಪೆನ್‌ಡ್ರೈವಿಗೆ ಸುತ್ತಿದ್ದ ನಿನ್ನ ಚೀಟಿಯನ್ನು ಮಾತ್ರ ನುಂಗಲಾಗಲಿಲ್ಲ. "ನೀನೂ ನಿಮ್ಮಪ್ಪನಂಗ ನೋಡ್ಕೋತ ತಿರುಗು. ಈ ಸರದಿಯೊಳಗ ಊರು ಕಟ್ಟದಿದ್ರ ಪೆನ್‌ಡ್ರೈವ್ ಕಳಸಬ್ಯಾಡ. ಆಟ ಸಾಕು."

ಅಪ್ಪನ ಸುದ್ದಿ ನಿನಗೆ ಹೇಳಿದವನು ನಾನೇ, ಕೊಪ್ಪಳದಲ್ಲಿ, ಗೆಳೆಯನೆಂದು. ಕಾಲುವೆ ಹೊಸದಾಗಿದ್ದಾಗ ಅಪ್ಪ ಇಲ್ಲಿ ಹೊಲ ನೋಡಲು ಬಂದದ್ದು, ಇನ್ನೊಂದು ಸುಗ್ಗಿ ನೋಡೋಣ ಎನ್ನುತ್ತ ಮೂರು ಸುಗ್ಗಿ ತಿರುಗಿದ್ದು, ಅಷ್ಟರಲ್ಲಿ ಆಂಧ್ರದ ಕಡೆಯವರು ಬಂದು ಹೊಲ ಹಿಡಿದು ಕ್ಯಾಂಪು ಎಂಬ ತಮ್ಮ ಊರುಗಳನ್ನು ಕಟ್ಟಿಕೊಂಡದ್ದು. ಈಗ ಆ ಕ್ಯಾಂಪುಗಳ ಭತ್ತವನ್ನು ದಿನಾ ತೂಗುವವನು ನಾನು. ಅಪ್ಪನ ಆ ಮಾತನ್ನು ನೀನು ಚೀಟಿಯಲ್ಲಿ ಬರೆಯಬಾರದಿತ್ತು.

ಕಣ್ಣು ತೋರಿಸಲು ಬಂದ ಅಪ್ಪ ಈಗ ನಮ್ಮಲ್ಲೇ ಇದ್ದಾನೆ. ನಿನ್ನೆ ಮಿಲ್ಲಿಗೆ ಬಂದು ನನ್ನ ಪಕ್ಕ ಕುಳಿತಿದ್ದ. ಇಪ್ಪತ್ತೊಂದು ದಿನ ಒಳಗೇ ಕುದಿಯುತ್ತಿದ್ದದ್ದನ್ನು ಕೇಳಿಬಿಟ್ಟೆ. "ಅಪ್ಪಾ, ಆವಾಗ ಇಲ್ಲಿ ಹೊಲ ಯಾಕ ಬಿಟ್ಟಿ?" ಅಜ್ಜಿ ಒಪ್ಪಲಿಲ್ಲ ಎಂದಾನು, ಭಾಷೆ ಬರಲಿಲ್ಲ ಎಂದಾನು, ಏನಾದರೂ ದೊಡ್ಡ ಕಾರಣ ಇದ್ದೀತು ಎಂದುಕೊಂಡಿದ್ದೆ. ಅಪ್ಪ ತೂಕಕ್ಕೆ ನಿಂತ ಭತ್ತದ ಲಾರಿಯ ಕಡೆ ನೋಡಿದ. "ಸೊಳ್ಳಿ ಭಾಳ ಇದ್ವಪಾ" ಅಂದ.

ಸೊಳ್ಳೆ, ಗಾಳೇಶ! ಸೊಳ್ಳೆಗೆ ಹೆದರಿ ಕಾಲುವೆಯ ಹೊಲ ಬಿಟ್ಟ ಮನೆತನ ನಮ್ಮದು! ಬೇವೂರಿನಲ್ಲಿ ಕುಡಿಯಲೇ ನೀರಿಲ್ಲ, ಸೊಳ್ಳೆ ಎಲ್ಲಿ ಕಂಡಿರಬೇಕು ಅವನು? "ಕ್ಯಾಂಪಿನವ್ರಿಗೆ ಕಡೀತಿದ್ದಿಲ್ಲೇನು?" ಎಂದು ದನಿ ಏರಿಸಿಯೇ ಕೇಳಿದೆ. "ಕಡೀತಿದ್ವು," ಎಂದ ಅಪ್ಪ, "ಕಡಿಸ್ಕೋತ ಗದ್ದಿ ಮಾಡಿದ್ರು." ಅಷ್ಟು ಹೇಳಿ ಕಣ್ಣೊರೆಸಿಕೊಂಡ. ಕಣ್ಣಿಗೆ ಔಷಧ ಹಾಕಿದ್ದೆವು, ಅದಕ್ಕೋ ಏನೋ, ನಾನು ಕೇಳಲಿಲ್ಲ.

ಆಟ ತೆಗೆದೆ. ಬಂಡಿ ನಿಂತಲ್ಲೇ ನಿಂತಿತ್ತು, ನಿನ್ನ ಹೊಸ ಊರಿನ ಮಗ್ಗುಲಿಗೆ. ಅಪ್ಪ ಮುಖ ಹತ್ತಿರ ತಂದು ನೋಡಿದ. "ಹೊಳಿ ಐತೇನು?" "ಇಲ್ಲ. ಜವಳು ನೆಲ ಐತಿ." "ಸೊಳ್ಳಿ ಇರ್ತಾವ." "ಇರ್ತಾವ." ಹೊರಗೆ ಇಬ್ಬರು ಡ್ರೈವರುಗಳು ತೂಕದ ಚೀಟಿಗಾಗಿ ಕೂಗುತ್ತಿದ್ದರು. "ಇರ್ಲಿ ಬಿಡು," ಅಂದ ಅಪ್ಪ, "ಕಟ್ಟು."

ಕಟ್ಟಿದೆ. ಕಾವಲುಗಾರನಿಲ್ಲ, ಗೋಡೆಯಿಲ್ಲ, ಬೆಳೆ ಬರುವುದೋ ಇಲ್ಲವೋ ಗೊತ್ತಿಲ್ಲ. ರಾತ್ರಿ ನಿದ್ದೆ ಬರಲಿಲ್ಲ, ಬೇಕಾದರೆ ಅದಕ್ಕೂ ನಗು. ಆಟ ಊರಿನ ಹೆಸರು ಕೇಳಿದಾಗ ಇಲ್ಲಿಯ ಕ್ಯಾಂಪುಗಳ ಪದ್ಧತಿಯಂತೆ ಮೊದಲು ಬಂದು ನಿಂತವನ ಹೆಸರನ್ನೇ, ಅಪ್ಪನ ಹೆಸರನ್ನೇ ಇಟ್ಟೆ: ವಿರುಪಣ್ಣ ಕ್ಯಾಂಪ್. ಅಪ್ಪನಿಗೆ ಓದಲು ಬರುವುದಿಲ್ಲ. ಓದಿ ಹೇಳಿದೆ. "ತಡಾ ಆತಲ್ಲೋ" ಎಂದ, ಆದರೆ ಏಳಲಿಲ್ಲ, ಸಂಜೆಯವರೆಗೂ ಅದರ ಮುಂದೆಯೇ ಕುಳಿತಿದ್ದ.

ಇವತ್ತು ಹುಲಿಗೆಪ್ಪ ಕೈ ಚಾಚಿದಾಗ ಈ ಕಾಗದ ಸುತ್ತಿದ ಪೆನ್‌ಡ್ರೈವ್ ಕೊಡುತ್ತೇನೆ. ಸರದಿ ನಿನ್ನದು. ನೀನು ಮನಸ್ಸು ಮಾಡಿದರೆ ಒಂದೇ ಏಟಿಗೆ ಆ ಊರು ಹೋಗುತ್ತದೆ, ನನಗೆ ಗೊತ್ತು. ಹೊಡೆಯುವುದಾದರೆ ಹೊಡೆ, ಆಟ ಆಟವೇ. ಆದರೆ ಇನ್ನು ಮುಂದೆ ಚೀಟಿಯಲ್ಲಿ ಅಪ್ಪನ ಹೆಸರು ತರಬೇಡ.

ನಿನ್ನ ಐದೂ ಊರುಗಳು ತಣ್ಣಗಿರಲಿ. ವಿರುಪಣ್ಣ ಕ್ಯಾಂಪಿಗೆ ನಿನ್ನ ದಂಡು ಬಾರದಿರಲಿ. ನೀನು ಮಾತ್ರ ಒಂದು ದಿನ ಬಾ, ಅಪ್ಪ ಇನ್ನೂ ಎಂಟು ದಿನ ಇರುತ್ತಾನೆ.

ಇನ್ನೂ ಸಿಟ್ಟಿನಲ್ಲೇ ಇರುವ,
ಎರಡು ಊರಿನ ಯಂಕೇಶ